ಆಷಾಢದ ಖಾಲಿ ಹಾಲ್‌ನಲ್ಲಿ ನಮ್ಮ ಚಿತ್ರಗಳು

ಆಷಾಢ ಬಂತೆಂದರೆ ಹಾಸನದ ಕಲ್ಯಾಣ ಮಂಟಪಗಳಿಗೆ ಬಿಡುವು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಡುಗೆಯವರು ಊರಿಗೆ ಹೋಗಿರುತ್ತಾರೆ. ಬೇರೆ ತಿಂಗಳಲ್ಲಿ ಫೋನೇ ಎತ್ತದ ಮ್ಯಾನೇಜರ್ ಈಗ ಕೂರಿಸಿ ಕಾಫಿ ಕೊಟ್ಟು ಮಾತಾಡುತ್ತಾರೆ. ನಮ್ಮಂಥವರಿಗೆ ಅದೇ ಸುಗ್ಗಿ. ನೋಂದಣಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಕೊನೆಗೆ ಒಂದು ಹೆಸರೂ ಇಲ್ಲದ ಚಿತ್ರ ಬರೆಯುವ ಗುಂಪಿಗೆ ಅಷ್ಟು ದೊಡ್ಡ ಜಾಗ ಇನ್ನೆಲ್ಲಿ ಸಿಗಬೇಕು? ಹಾಗಾಗಿ ನಮ್ಮ ಪ್ರದರ್ಶನ ಒಂದು ಮಂಟಪದ ಊಟದ ಹಾಲ್‌ನಲ್ಲಿ ನಡೆಯಿತು. ಗೋಡೆಗೆ ಆಯಿಲ್ ಪೇಂಟ್, ಒಂದು ಕಡೆ ಕೈ ತೊಳೆಯುವ ನಲ್ಲಿಗಳ ಸಾಲು, ಒಳಗೆ ಕಾಲಿಟ್ಟರೆ ಸಣ್ಣಗೆ ಸಾರಿನ ವಾಸನೆ.

ಹಾಸನಾಂಬ ಕಲಾಕ್ಷೇತ್ರದಲ್ಲಿ ನಾಟಕ, ನೃತ್ಯ, ಸಂಗೀತ ನಡೆಯುತ್ತಿರುತ್ತವೆ. ಜನ ಹೋಗುತ್ತಾರೆ. ಚಿತ್ರ ನೋಡುವುದು ಮಾತ್ರ ಬೆಂಗಳೂರಿನ ಕೆಲಸ ಅಂತ ನಮ್ಮೂರಿನವರು ಎಂದೋ ತೀರ್ಮಾನ ಮಾಡಿಕೊಂಡಿದ್ದಾರೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ರೈಲು ಹತ್ತಿ ಹೋಗಿ ಬರುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಕ್ಕದ ಬೀದಿಯಲ್ಲಿ ಯಾರು ಏನು ಬರೆಯುತ್ತಿದ್ದಾರೆ ಅಂತ ಅವರಿಗೂ ಗೊತ್ತಿರುವುದಿಲ್ಲ.

ನಮ್ಮ ಗುಂಪಿನಲ್ಲಿ ಕಲಾಶಾಲೆಯಲ್ಲಿ ಓದಿದವರು ಯಾರೂ ಇಲ್ಲ. ಒಬ್ಬರು ಬ್ಲೌಸ್ ಹೊಲಿಯುತ್ತಾರೆ, ಎಲ್ಲರಿಗೂ ಅವರು ಟೈಲರ್ ಅಕ್ಕ. ಒಬ್ಬರು ಆಲೂಗಡ್ಡೆ ಬೆಳೆಯುವ ಗೌಡ್ರು. ಗಣಿತ ಹೇಳಿಕೊಡುತ್ತಿದ್ದ ನಿವೃತ್ತ ಮೇಷ್ಟ್ರು, ಡಿಪ್ಲೊಮಾ ಓದುವ ಹುಡುಗ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಕೆಲವು ತಾಯಂದಿರು, ಮೊಮ್ಮಗಳನ್ನು ಕರೆದುಕೊಂಡು ಬಂದು ತಾವೇ ಉಳಿದುಬಿಟ್ಟ ಒಬ್ಬ ಅಜ್ಜಿ. ಭಾನುವಾರ ಬೆಳಿಗ್ಗೆ ನಮ್ಮ ಮನೆ ಮಹಡಿಯಲ್ಲಿ ಸೇರುತ್ತೇವೆ. ಪ್ರದರ್ಶನ ಮಾಡೋಣ ಅಂತ ನಿಶ್ಚಯವಾದಾಗ ಒಂದೇ ಒಂದು ಷರತ್ತು ಹಾಕಿಕೊಂಡೆವು. ಮೊಬೈಲ್ ನೋಡಿ ಬರೆದದ್ದು, ಕ್ಯಾಲೆಂಡರ್ ನೋಡಿ ಬರೆದದ್ದು ಬೇಡ. ನೀವು ಕಂಡದ್ದು, ನಿಮಗೆ ಆದದ್ದು, ಇಲ್ಲಿವರೆಗೆ ಯಾರಿಗೂ ಸರಿಯಾಗಿ ಹೇಳಲು ಆಗದೇ ಇದ್ದದ್ದು ತನ್ನಿ.

ಇದು ಕೇಳಲು ಸುಲಭ. ಮಾಡಲು ಎಷ್ಟು ಕಷ್ಟ ಅಂತ ಆ ತಿಂಗಳುಗಳಲ್ಲಿ ಕಣ್ಣಾರೆ ನೋಡಿದೆ. ತನ್ನನ್ನು ತಾನು ಹೇಳಿಕೊಳ್ಳುವುದು ಅಂದರೆ ಒಬ್ಬರೇ ಕೂತು, ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಕಲಾವಿದ ಅಂದರೆ ಒಂಟಿ ಮನುಷ್ಯ, ಹುಚ್ಚು, ಗಡ್ಡ. ನಾನು ಕಂಡದ್ದು ಬೇರೆ. ಸ್ವಂತದ್ದು ಹೇಳಬೇಕಾದರೆ ಮೊದಲು ಇನ್ನೊಬ್ಬರು ಬೇಕು. ‘ನಿಂದೇನು, ಹೇಳು’ ಅಂತ ಕೇಳುವವರು, ಕೇಳಿದ ಮೇಲೆ ಎದ್ದು ಹೋಗದವರು ಬೇಕು.

ಡಿಪ್ಲೊಮಾ ಹುಡುಗನ ಕೈ ನಮ್ಮೆಲ್ಲರಿಗಿಂತ ಚೆನ್ನಾಗಿದೆ. ಅವನು ಮೊದಲು ತಂದದ್ದು ಬೇಲೂರಿನ ದರ್ಪಣ ಸುಂದರಿ. ಪೆನ್ಸಿಲ್ಲಿನಲ್ಲಿ ಬರೆದ ದೊಡ್ಡ ಚಿತ್ರ. ಕೈಯ ಕನ್ನಡಿ, ಕೊರಳ ಸರದ ಮಣಿಗಳು, ಸೊಂಟದ ಬಳುಕು, ಎಲ್ಲ ಹಾಗೇ ಇಳಿದಿತ್ತು. ನೋಡಿದವರೆಲ್ಲ ಬಾಯಿ ತುಂಬ ಹೊಗಳಿದರು. ಆದರೆ ನಮ್ಮ ಷರತ್ತು ಇತ್ತಲ್ಲ? ‘ಇದು ಶಿಲ್ಪಿ ಕಂಡದ್ದು ಕಣಪ್ಪಾ, ನೀನು ಕಂಡದ್ದು ಯಾವುದು?’ ಅಂದರು ಮೇಷ್ಟ್ರು. ಹುಡುಗನಿಗೆ ಸಿಟ್ಟು ಬಂತು. ಎರಡು ಭಾನುವಾರ ಬರಲಿಲ್ಲ. ಟೈಲರ್ ಅಕ್ಕ ಅವನ ಮನೆಗೇ ಹೋಗಿ ಕರೆದುಕೊಂಡು ಬಂದರು. ಅಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತೋ ನಾನು ಕೇಳಿಲ್ಲ.

ಆಮೇಲೆ ಅವನು ತಂದ ಚಿತ್ರದಲ್ಲೂ ಒಂದು ಕನ್ನಡಿ ಇತ್ತು. ಅಡುಗೆಮನೆ ಕಿಟಕಿ ಪಕ್ಕ ಮೊಳೆಗೆ ನೇತು ಹಾಕಿದ ಅಂಗೈ ಅಗಲದ ಪ್ಲಾಸ್ಟಿಕ್ ಕನ್ನಡಿ. ಅದರ ಮುಂದೆ ಅವನ ಅಕ್ಕ. ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕೂದಲು ಒಟ್ಟು ಮಾಡುತ್ತಿದ್ದಾಳೆ. ಹೆಗಲಿಗೆ ಆಗಲೇ ಬ್ಯಾಗ್ ಸಿಕ್ಕಿಸಿಕೊಂಡಿದ್ದಾಳೆ, ಗಾರ್ಮೆಂಟ್ಸ್ ಬಸ್ಸಿಗೆ ಹೊತ್ತಾಗಿದೆ. ಕನ್ನಡಿಯ ಅಂಚಿನಲ್ಲಿ ಹಿಂದಿನ ದಿನಗಳ ಬೊಟ್ಟಿನ ಸ್ಟಿಕ್ಕರ್‌ಗಳು ಅಂಟಿವೆ, ಕೆಂಪು, ಮೆರೂನ್, ಒಂದು ಹಸಿರು. ಕನ್ನಡಿ ಎಷ್ಟು ಚಿಕ್ಕದೆಂದರೆ ಅದರಲ್ಲಿ ಅವಳ ಒಂದು ಕಣ್ಣು, ಹುಬ್ಬು ಮಾತ್ರ ಕಾಣುತ್ತದೆ. ನಾನು ತುಂಬ ಹೊತ್ತು ಆ ಸ್ಟಿಕ್ಕರ್‌ಗಳನ್ನೇ ನೋಡುತ್ತಾ ನಿಂತೆ. ಬೇರೆ ಯಾರಾದರೂ ಬರೆದಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದರು. ದಿನಾ ಅಕ್ಕನನ್ನು ನೋಡುವ ತಮ್ಮ ಮಾತ್ರ ಬಿಡುವುದಿಲ್ಲ.

ಎರಡು ಚಿತ್ರವನ್ನೂ ಅಕ್ಕಪಕ್ಕ ತೂಗು ಹಾಕೋಣ ಅಂತ ಅವನೇ ಕೇಳಿದ. ಷರತ್ತು ಅಲ್ಲಿಗೆ ಮುರಿಯಿತು. ಯಾರೂ ಬೇಡ ಅನ್ನಲಿಲ್ಲ.

ಈ ಹುಡುಗನ ವಿಷಯ ಯೋಚಿಸುವಾಗೆಲ್ಲ ನನಗೆ ಟಾಗೋರರು ನೆನಪಾಗುತ್ತಾರೆ. ಅವರು ಚಿತ್ರಕಲೆಗೆ ನಿಜವಾಗಿ ಕೈ ಹಾಕಿದ್ದು ಅರವತ್ತು ದಾಟಿದ ಮೇಲೆ. ಕವಿತೆ ಬರೆಯುವಾಗ ಬೇಡವಾದ ಸಾಲನ್ನು ಹೊಡೆದು ಹಾಕುತ್ತಿದ್ದರು. ಆ ಗೀಟುಗಳನ್ನು ಬೆಳೆಸುತ್ತಾ ಹೋದರೆ ಹಕ್ಕಿ, ಮುಖ, ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿಗಳು ಹುಟ್ಟುತ್ತಿದ್ದವು. 1924ರಲ್ಲಿ ಅರ್ಜೆಂಟೀನಾದಲ್ಲಿ ಹುಷಾರು ತಪ್ಪಿ ಉಳಿದುಕೊಂಡಾಗ ಆ ಹಸ್ತಪ್ರತಿಯ ಗೀಟುಗಳನ್ನು ಗಮನಿಸಿ ನೋಡಿದವರು ಅಲ್ಲಿನ ಲೇಖಕಿ ವಿಕ್ಟೋರಿಯಾ ಒಕಾಂಪೊ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಟಾಗೋರರ ಮೊದಲ ಚಿತ್ರಪ್ರದರ್ಶನ ಆಗುವ ಹಾಗೆ ಓಡಾಡಿದ್ದೂ ಅವರೇ. 1913ರಲ್ಲೇ ನೊಬೆಲ್ ಬಂದಿದ್ದ, ಲೋಕವೆಲ್ಲ ಗುರುದೇವ ಅನ್ನುತ್ತಿದ್ದ ಮನುಷ್ಯ ಅವರು. ಅವರಿಗೂ ‘ಇದು ಬರೀ ಗೀಟಲ್ಲ, ಜನ ನೋಡಬೇಕಾದದ್ದು’ ಅನ್ನುವ ಇನ್ನೊಂದು ಜೀವ ಬೇಕಾಯಿತು.

ಭೂರಿಬಾಯಿ ಅವರದು ಇನ್ನೂ ನೇರವಾದ ಕಥೆ. ಮಧ್ಯಪ್ರದೇಶದ ಝಾಬುವಾ ಕಡೆಯ ಭೀಲ ಹೆಣ್ಣುಮಗಳು. ಭೋಪಾಲಿನಲ್ಲಿ ಭಾರತ ಭವನ ಅನ್ನುವ ಕಲಾಕೇಂದ್ರ ಕಟ್ಟುವಾಗ ಅಲ್ಲಿಗೆ ಕೂಲಿಗೆ ಬಂದವರು. ಕಲಾವಿದ ಜೆ. ಸ್ವಾಮಿನಾಥನ್ ಅವರು ಆ ಕೂಲಿ ಹೆಂಗಸರ ಹತ್ತಿರ ಹೋಗಿ, ನಿಮ್ಮ ಮನೆಗೋಡೆಯ ಮೇಲೆ ಬರೆಯುವುದನ್ನು ಇಲ್ಲಿ ಕಾಗದದ ಮೇಲೆ ಬರೆದು ತೋರಿಸುತ್ತೀರಾ ಅಂತ ಕೇಳಿದರು. 2021ರಲ್ಲಿ ಭೂರಿಬಾಯಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ದೊಡ್ಡದೇ. ನನಗೆ ಮಾತ್ರ ಆ ಕೇಳಿದ ಗಳಿಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಟ್ಟಿಗೆ ಹೊರುತ್ತಿದ್ದ ಎಷ್ಟು ಜನರನ್ನು ಯಾರೂ ಕೇಳಲೇ ಇಲ್ಲವೋ!

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವರು ಕಾಗದ ಮುಟ್ಟುತ್ತಿರಲಿಲ್ಲ. ಬ್ರಷ್ ಕೊಟ್ಟರೆ ಮೊಮ್ಮಗಳ ಕಡೆ ತಳ್ಳುತ್ತಿದ್ದರು. ಮೂಲೆಯಲ್ಲಿ ಕೂತು ನೋಡುವುದು, ಎಲ್ಲರಿಗೂ ಟೀ ಸೋಸಿ ಕೊಡುವುದು, ಅಷ್ಟೇ. ಒಂದು ದಿನ ಟೈಲರ್ ಅಕ್ಕ ಬಟ್ಟೆಯ ಮೇಲೆ ಚುಕ್ಕಿ ಗುರುತು ಹಾಕುವಾಗ ಅಜ್ಜಿ ದೂರದಿಂದಲೇ ‘ಅಲ್ಲಿ ಒಂದು ತಪ್ಪಿತು ನೋಡವ್ವಾ’ ಅಂದರು. ಎಣಿಸಿದರೆ ನಿಜ! ಆವತ್ತು ಮಾತು ಶುರುವಾಯಿತು. ಅಜ್ಜಿ ಚಿಕ್ಕಂದಿನಿಂದ ರಂಗೋಲಿ ಹಾಕಿದವರು. 15 ಚುಕ್ಕಿಯ ಸಾಲಿನಿಂದ ಶುರು ಮಾಡಿ, ಮೇಲಕ್ಕೂ ಕೆಳಕ್ಕೂ ಸಂದಿನಲ್ಲಿ ಒಂದೊಂದು ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸುವ ಲೆಕ್ಕ ಅವರ ಬೆರಳಲ್ಲೇ ಇದೆ. ಆದರೆ ಗಂಡ ತೀರಿಕೊಂಡ ಮೇಲೆ, ಇನ್ನು ನೀನು ಬಾಗಿಲಿಗೆ ರಂಗೋಲಿ ಹಾಕಬೇಡ ಅಂತ ಮನೆಯ ಹಿರಿಯರೊಬ್ಬರು ಅಂದಿದ್ದರಂತೆ. ಬಿಟ್ಟುಬಿಟ್ಟರು. ಸೊಸೆ ಬಂದ ಮೇಲೆ ಸೊಸೆ ಹಾಕಿದಳು. ಅಜ್ಜಿ ಒಳಗಿನಿಂದ ನೋಡಿದರು.

ಇದನ್ನು ಅವರು ದೂರಿನ ಹಾಗೆ ಹೇಳಲಿಲ್ಲ. ಹೇಳಿ ಮುಗಿಸಿ ಟೀ ಲೋಟ ತೊಳೆಯಲು ಎದ್ದರು. ನಮಗೆಲ್ಲ ಗಂಟಲು ಕಟ್ಟಿತ್ತು.

ಪ್ರದರ್ಶನದ ಮೊದಲ ದಿನ ಬಾಗಿಲಲ್ಲಿ ರಂಗೋಲಿ ಹಾಕಿದವರು ಅಜ್ಜಿ. ಟೈಲರ್ ಅಕ್ಕ ಕೇಳಿದ್ದು ಒಂದೇ ಮಾತು, ‘ಅಜ್ಜಿ, ನಮ್ಮ ಬಾಗಿಲಿಗೆ ಯಾರು ಹಾಕ್ತಾರೆ?’ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಿದ್ದರು. ನೆಲ ಸಿಮೆಂಟಿನದು, ಮಳೆಯ ತೇವ ಇತ್ತು. ಬಟ್ಟೆಯಲ್ಲಿ ಒತ್ತಿ ಒರೆಸಿದರು. ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಹಿಡಿದು, ಮಧ್ಯದ ಬೆರಳನ್ನು ಸ್ವಲ್ಪ ಆನಿಸಿ ಬಿಡುತ್ತಿದ್ದರು. ಎಳೆ ಎಲ್ಲೂ ದಪ್ಪ ಆಗಲಿಲ್ಲ, ಎಲ್ಲೂ ತುಂಡಾಗಲಿಲ್ಲ. ಎಷ್ಟು ವರ್ಷ ಬಿಟ್ಟಿದ್ದ ಕೈ ಅದು! ಸುತ್ತಲೂ ಹಗ್ಗ ಕಟ್ಟೋಣ, ಜನ ತುಳಿದುಬಿಡುತ್ತಾರೆ ಅಂತ ಹುಡುಗ ಹೇಳಿದ. ಅಜ್ಜಿ ಒಪ್ಪಲಿಲ್ಲ. ‘ತುಳಿದ್ರೆ ತುಳೀಲಿ ಬಿಡು ಮಗಾ, ನಾಳೆ ಬೇರೆ ಹಾಕ್ತೀನಿ’ ಅಂದರು. ಹಾಗೇ ಮಾಡಿದರು. ಪ್ರದರ್ಶನ ನಡೆದಷ್ಟು ದಿನವೂ ಹೊಸದು, ಒಂದರ ಹಾಗೆ ಒಂದಿರಲಿಲ್ಲ. ಕೊನೆಗೊಂದು ದಿನ ಎರಡು ಎಳೆಗಳನ್ನು ಬೇಕೆಂದೇ ಸೇರಿಸದೆ ಬಿಟ್ಟಿದ್ದರು. ಯಾಕೆ ಅಂತ ಬಂದವರು ಕೇಳಿದರು, ಅಜ್ಜಿ ಸುಮ್ನೆ ನಕ್ಕರು. ನಾನು ಕೇಳಲಿಲ್ಲ.

ಟೈಲರ್ ಅಕ್ಕನ ಕೆಲಸದ ಬಗ್ಗೆ ಒಂದಿಷ್ಟು ಜಾಸ್ತಿ ಹೇಳಬೇಕು. ಬ್ಲೌಸ್ ಕಟಿಂಗ್ ಮಾಡಿದ ಮೇಲೆ ಉಳಿಯುವ ಚೂರುಗಳನ್ನು ಅವರು ಎಸೆಯುವುದಿಲ್ಲ. ರೇಷ್ಮೆ, ಕಾಟನ್, ಲೈನಿಂಗ್ ಬಟ್ಟೆ, ಜರಿ ಅಂಚಿನ ತುಂಡು, ಎಲ್ಲ ಒಂದು ಮೂಟೆ. ಆ ಚೂರುಗಳನ್ನೆಲ್ಲ ಒಂದಕ್ಕೊಂದು ಹೊಲಿದು ಹಾಸಿಗೆಯಷ್ಟು ಅಗಲದ ಬಟ್ಟೆ ಮಾಡಿದರು. ನೋಡಿದರೆ ಕೌದಿ ಅನ್ನಿಸಬೇಕು. ಮಧ್ಯದಲ್ಲಿ ಮಾತ್ರ ಬಣ್ಣವೇ ಇಲ್ಲದ ಖಾದಿ ಬಟ್ಟೆ. ಅದರ ಮೇಲೆ ಟೈಲರ್ ಚಾಕ್‌ನಲ್ಲಿ ಒಂದು ಬ್ಲೌಸಿನ ಕಟಿಂಗ್ ಗುರುತು. ಎದೆ, ಸೊಂಟ, ಭುಜ, ತೋಳಿನ ಉದ್ದ, ಪಕ್ಕದಲ್ಲೇ ಅಂಕಿ. ಅದು ಅವರದೇ ಅಳತೆ.

‘ಊರಿನವರ ಅಳತೆಯೆಲ್ಲ ನನ್ನ ಪುಸ್ತಕದಲ್ಲಿದೆ ಮೇಡಂ. ನನ್ನದು ಮಾತ್ರ ಇರಲಿಲ್ಲ. ಹಳೇದು ಯಾವುದೋ ಇಟ್ಕೊಂಡು ಅಂದಾಜಲ್ಲಿ ಹೊಲ್ಕೊಳ್ತಿದ್ದೆ’ ಅಂದರು. ಇದಕ್ಕಾಗಿ ಮಗಳ ಕೈಲಿ ಟೇಪು ಕೊಟ್ಟು ಅಳತೆ ತೆಗೆಸಿಕೊಂಡರಂತೆ. ಚಾಕ್ ಗೆರೆ ಅಳಿಸಿಹೋಗುತ್ತದೆ, ದಾರದಲ್ಲಿ ಹೊಲಿದುಬಿಡಿ ಅಂತ ಮೇಷ್ಟ್ರು ಹೇಳಿದರು. ಬೇಡ ಅಂದರು. ಕಟ್ ಮಾಡುವ ಮೊದಲು ಬಟ್ಟೆ ಇರುವುದು ಹಾಗೇ, ಹಾಗೇ ಇರಲಿ. ಅವರು ಯೋಚಿಸಿ ಹೇಳಿದ್ದು ಇದು. ದೊಡ್ಡ ಗ್ಯಾಲರಿಗಳಲ್ಲೂ ಬಟ್ಟೆ, ದಾರ ಇಟ್ಟು ಮಾಡಿದ ಕೆಲಸ ನೋಡಿದ್ದೇನೆ. ಇಷ್ಟು ಸ್ಪಷ್ಟವಾಗಿ ಒಬ್ಬ ಮನುಷ್ಯ ತನ್ನ ಜಾಗ ತೋರಿಸಿದ್ದನ್ನು ನೋಡಿದ ನೆನಪಿಲ್ಲ.

ಹೆಸರು ಹಾಕುವ ವಿಷಯಕ್ಕೆ ಬಂದಾಗ ಆದದ್ದು ದೊಡ್ಡ ಚರ್ಚೆ. ಚಿತ್ರ ಕೊಡುತ್ತೇವೆ, ಹೆಸರು ಬೇಡ ಅಂದವರೇ ಜಾಸ್ತಿ. ಗಂಡನ ಮನೆಯವರು ನೋಡಿದರೆ ಏನಂದುಕೊಳ್ತಾರೋ, ಆಫೀಸಿನವರು ಏನಂದಾರೋ. ಟೈಲರ್ ಅಕ್ಕನದು ಬೇರೆ ಕಾರಣ. ‘ಹೊಲಿದ ಬ್ಲೌಸಿಗೆಲ್ಲ ಹೆಸರು ಹಾಕ್ಕೊಂಡು ಕೂರ್ತೀನಾ ನಾನು?’

ಹಾಸನ ಜಿಲ್ಲೆಯಲ್ಲಿ ಕೂತು ಈ ಮಾತು ಆಡಬಾರದು ಅನ್ನಿಸಿತು ನನಗೆ. ಬೇಲೂರು, ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ನೋಡಲು ಬರುವ ಜನ ಇನ್ನಷ್ಟು ಜಾಸ್ತಿಯಾಗಿದ್ದಾರೆ. ಎಲ್ಲರೂ ಮದನಿಕೆಯರ ಮುಖ ನೋಡುತ್ತಾರೆ. ಕೆಳಗೆ ಪೀಠದ ಹತ್ತಿರ ಇರುವ ಅಕ್ಷರ ನೋಡುವವರು ಕಡಿಮೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವಿಯಿಂದ ಬಂದ ಶಿಲ್ಪಿ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಊರು, ಅಪ್ಪನ ಹೆಸರು, ಬಿರುದು, ಎಲ್ಲ ಕೆತ್ತಿಕೊಂಡವರಿದ್ದಾರೆ. ದೇವರ ಮನೆಯಲ್ಲಿ, ರಾಜನ ಕಟ್ಟಡದಲ್ಲಿ, ಇದು ನಾನು ಮಾಡಿದ್ದು ಅಂತ ಬರೆಯಲು ಅವರಿಗೆ ಸಂಕೋಚ ಆಗಲಿಲ್ಲ.

ಮಾತಲ್ಲಿ ಹೇಳಿದರೆ ಪಾಠದ ಹಾಗಾಗುತ್ತದೆ ಅಂತ ಎಲ್ಲರೂ ಒಟ್ಟಿಗೆ ನುಗ್ಗೇಹಳ್ಳಿಗೆ ಹೋದೆವು. ಚನ್ನರಾಯಪಟ್ಟಣ ತಾಲ್ಲೂಕು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 1246ರದು, ಬೇಲೂರಿನಂತೆ ಜನಜಂಗುಳಿ ಇಲ್ಲ. ಗೋಡೆಯ ಉತ್ತರದ ಕಡೆ ಮಲ್ಲಿತಮ್ಮನ ಕೆಲಸ, ದಕ್ಷಿಣದ ಕಡೆ ಬೈಚೋಜನ ಕೆಲಸ. ಒಂದೇ ದೇವಸ್ಥಾನ, ಒಂದೇ ಬಳಪದ ಕಲ್ಲು, ಅವವೇ ದೇವರುಗಳು, ಎರಡು ಕೈ. ಒಂದು ಸುತ್ತು ಬಂದು, ಮತ್ತೆ ಒಂದು ಸುತ್ತು ಬಂದು ಹೋಲಿಸಿ ನೋಡಿದೆವು. ಯಾರ ಕೈ ಚೆನ್ನ ಅಂತ ನಮ್ಮಲ್ಲೇ ಎರಡು ಪಂಗಡ ಆಯಿತು. ವಾಪಸ್ ಬರುವಾಗ ಬಸ್ಸಿನಲ್ಲೂ ಆ ವಾದ ಮುಗಿಯಲಿಲ್ಲ. ಈ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಇದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಚುಟುಕಾಗಿ ಮಲ್ಲಿ, ಇನ್ನು ಕೆಲವು ಕಡೆ ಬರೀ ಮ ಅಂತ ಒಂದಕ್ಷರ. ಇದನ್ನು ಹೇಳಿದಾಗ ಟೈಲರ್ ಅಕ್ಕ ತಟ್ಟನೆ ‘ಹಂಗಾದ್ರೆ ನಾನೂ ಒಂದಕ್ಷರ ಹಾಕ್ತೀನಿ’ ಅಂದರು. ಬಟ್ಟೆಯ ಕೆಳ ಅಂಚಿನಲ್ಲಿ, ಕಾಜಾ ಹೊಲಿಗೆಯಲ್ಲಿ, ಅವರ ಹೆಸರಿನ ಮೊದಲ ಅಕ್ಷರ ಬಂತು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಹಾಕಿದರು. ಇಬ್ಬರು ಮಾತ್ರ ಕೊನೆಯವರೆಗೂ ಬೇಡ ಅಂದರು. ಅವರ ಚಿತ್ರ ಹಾಗೇ ತೂಗು ಹಾಕಿದೆವು. ಬೇಡ ಅನ್ನುವ ಹಕ್ಕೂ ಅವರದೇ.

ತೂಗು ಹಾಕುವ ಕೆಲಸ ಸಲೀಸಾಗಿ ಆಗಲಿಲ್ಲ. ಆಷಾಢದ ಸೋನೆಮಳೆಗೆ ಗೋಡೆ ಬೆವತಿತ್ತು, ಡಬಲ್ ಟೇಪು ರಾತ್ರಿಯೊಳಗೆ ಬಿಟ್ಟುಕೊಂಡಿತು. ಶಾಮಿಯಾನದವರ ಹತ್ತಿರ ಕಂಬಗಳನ್ನು ತಂದು ನೈಲಾನ್ ಹಗ್ಗ ಎಳೆದು, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಸಿಕ್ಕಿಸಿದೆವು. ಗ್ಯಾಲರಿಗಳಲ್ಲಿ ಚಿತ್ರದ ಮಧ್ಯಭಾಗ ನೆಲದಿಂದ 57 ಇಂಚಿನಿಂದ 60 ಇಂಚಿನ ಎತ್ತರಕ್ಕೆ ಬರುವ ಹಾಗೆ ಹಾಕುವ ರೂಢಿ ಇದೆ, ನಿಂತವರ ಕಣ್ಣಿನ ಮಟ್ಟಕ್ಕೆ. ನಾವು ಅದಕ್ಕಿಂತ ಕೆಳಗೆ ಹಾಕಿದೆವು. ನೋಡಲು ಬರುವವರಲ್ಲಿ ಮಕ್ಕಳು, ಕುರ್ಚಿ ಹಾಕಿಕೊಂಡು ಕೂರುವ ವಯಸ್ಸಾದವರು ಜಾಸ್ತಿ ಇರುತ್ತಾರೆ ಅಂತ ಗೊತ್ತಿತ್ತು. ಹಾಗೇ ಆಯಿತು ಕೂಡ. ನನ್ನವೂ ಎರಡು ಚಿತ್ರ ಇದ್ದವು. ಅವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಹೇಳಬೇಕಾದದ್ದು ಅಲ್ಲೇ ಇದೆ.

ಜನ ಬಂದರು. ನಾವು ಅಂದುಕೊಂಡದ್ದಕ್ಕಿಂತ ತುಂಬ ಜನ ಬಂದರು. ಮಳೆಗೆ ನಿಂತುಕೊಳ್ಳಲು ಒಳಗೆ ಬಂದವರು ಒಂದು ಗಂಟೆ ಇದ್ದು ಹೋದರು. ತರಕಾರಿ ಚೀಲ ಹಿಡಿದವರು, ಕಾಲೇಜು ಮಕ್ಕಳು, ಪಕ್ಕದ ಮೆಕ್ಯಾನಿಕ್ ಅಂಗಡಿಯ ಹುಡುಗರು. ತುಂಬ ಜನ ಕೇಳಿದ ಪ್ರಶ್ನೆ ಒಂದೇ, ಇದೆಲ್ಲ ಮಾಡಿದರೆ ಟೆನ್ಷನ್ ಕಡಿಮೆ ಆಗುತ್ತಂತಲ್ಲ, ಹೌದಾ? ಆಗಬಹುದು. ಕ್ಷಯರೋಗಕ್ಕೆ ಸ್ಯಾನಟೋರಿಯಂ ಸೇರಿದ್ದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ ಹಾಸಿಗೆಯಲ್ಲೇ ಚಿತ್ರ ಬರೆದು ಅದರಿಂದ ತನಗಾದ ಗುಣ ಕಂಡುಕೊಂಡರು, ಪಕ್ಕದ ರೋಗಿಗಳಿಗೂ ಕಲಿಸಿದರು. 1942ರಲ್ಲಿ ಅದಕ್ಕೆ ಆರ್ಟ್ ಥೆರಪಿ ಅಂತ ಹೆಸರು ಕೊಟ್ಟವರು ಅವರೇ. ಇವತ್ತು ಅದು ಓದಿ, ತರಬೇತಿ ಪಡೆದು ಮಾಡುವ ಕೆಲಸ. ನಮ್ಮದು ಅದಲ್ಲ. ಅಜ್ಜಿಗೆ ಕಾಯಿಲೆ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಒಂದು ಬಾಗಿಲು.

ಒಬ್ಬ ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಹುಡುಗನ ಅಕ್ಕನ ಚಿತ್ರದ ಮುಂದೆ ನಿಂತು, ಕಿಟಕಿಯ ಗೆರೆ ಮತ್ತು ಗೋಡೆಯ ಗೆರೆ ಒಂದಕ್ಕೊಂದು ಕೂಡುತ್ತಿಲ್ಲ, ಪರ್ಸ್ಪೆಕ್ಟಿವ್ ತಪ್ಪಿದೆ ಅಂದರು. ನಮ್ಮಲ್ಲಿ ಕೆಲವರಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. ಅವರು ಹೇಳಿದ್ದು ಸರಿ. ಮನಸ್ಸಿಗೆ ಬಂದದ್ದನ್ನು ಹೇಗೆ ಬರೆದರೂ ಕಲೆ, ತಪ್ಪು ಅನ್ನುವುದೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತು ದಯೆ ಅನ್ನಿಸುತ್ತದೆ, ಒಳಗೆ ನೋಡಿದರೆ ಅಸಡ್ಡೆ. ಎದುರಿಗಿರುವ ಕೆಲಸವನ್ನು ನಿಜವಾಗಿ ನೋಡಿದವರು ಅಲ್ಲಿ ತಪ್ಪನ್ನೂ ಕಾಣುತ್ತಾರೆ. ಆ ಮೇಷ್ಟ್ರು ಹುಡುಗನ ಪಕ್ಕ ಕೂತು, ನೋಟ್ ಬುಕ್ಕಿನ ಹಾಳೆಯ ಮೇಲೆ ಕಿಟಕಿ ಬರೆದು, ಗೆರೆಗಳು ಎಲ್ಲಿ ಸೇರಬೇಕು ಅಂತ ತೋರಿಸಿದರು. ಹೋಗುವಾಗ ‘ಆ ಸ್ಟಿಕ್ಕರ್ ಮಾತ್ರ ಮುಟ್ಟಬೇಡ’ ಅಂದರು. ಒಬ್ಬ ನೋಡುಗನಿಂದ ಇನ್ನೇನು ಬೇಕು, ಅಲ್ವಾ?

ಕೈಚಳಕ ಬೇಕು. ಆದರೆ ಅದು ಮೊದಲು ಬರಬೇಕು ಅಂತ ಕಾದರೆ ನಮ್ಮ ಕಡೆಯ ನೂರರಲ್ಲಿ ತೊಂಬತ್ತೊಂಬತ್ತು ಜನ ಬಾಯಿ ಬಿಡುವುದೇ ಇಲ್ಲ. ಹೇಳಲು ಏನೋ ಇದೆ ಅಂತ ಗೊತ್ತಾದ ಮೇಲೆ ಕೈ ಕಲಿಯುತ್ತದೆ. ಹುಡುಗ ಈಗ ಕಿಟಕಿ ಬರೆಯುವುದನ್ನೇ ಅಭ್ಯಾಸ ಮಾಡುತ್ತಿದ್ದಾನೆ, ಯಾರೂ ಹೇಳದೆ.

ಗೌಡ್ರ ಕೆಲಸವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಯಾಕೆಂದರೆ ನಮ್ಮ ಮುಂದಿನ ದಾರಿ ಅಲ್ಲಿಂದಲೇ ಹೊರಟಿದೆ. ಹಾಸನದ ಆಲೂಗಡ್ಡೆಯ ಹೆಸರು ದೊಡ್ಡದು. ಮುಂಗಾರಿಗೆ ಬಿತ್ತುವ ಬೆಳೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಮೋಡ ಮುಚ್ಚಿಕೊಂಡು, ಬಿಸಿಲು ಕಾಣದೆ, ಜಡಿಮಳೆ ಹಿಡಿದರೆ ಅಂಗಮಾರಿ ಬೀಳುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಬೆಳೆ ಹೊಡೆದು ಭೀಕರ ಬರ ತಂದದ್ದೂ ಇದೇ ರೋಗ. ಎಲೆಯ ಅಂಚಿನಲ್ಲಿ ನೀರು ಚೆಲ್ಲಿದಂಥ ಕಪ್ಪು ಮಚ್ಚೆ, ಬೆಳಿಗ್ಗೆ ಎಲೆ ತಿರುಗಿಸಿದರೆ ಅಡಿಯಲ್ಲಿ ಬಿಳಿ ಬೂಷ್ಟು, ಆಮೇಲೆ ಕೊಳೆತ ವಾಸನೆ. ಹೊಲ ಕಪ್ಪಾಗಲು ಹೆಚ್ಚು ದಿನ ಬೇಕಿಲ್ಲ. ಪೆಟ್ಟು ತಿಂದವರು ಜೋಳಕ್ಕೆ, ಶುಂಠಿಗೆ ಹೋದರು. ಗೌಡ್ರು ಬಿಟ್ಟಿಲ್ಲ.

ಅವರು ಕಾಗದ ಬೇಡ ಅಂದು ಗೋಣಿಚೀಲ ಬಿಚ್ಚಿ ಹಾಸಿ ಅದರ ಮೇಲೆ ಬರೆದರು. ಬರೀ ಎಲೆಗಳು. ಸಾಲು ಸಾಲಾಗಿ, ಹೊಲದಲ್ಲಿ ಇರುವ ಹಾಗೆ. ಮೇಲಿನ ಸಾಲು ಹಸಿರು, ಅದಕ್ಕೆ ಅವರೆ ಸೊಪ್ಪನ್ನೇ ತಿಕ್ಕಿದ್ದರು. ನಡುವಿನ ಸಾಲುಗಳಲ್ಲಿ ಒಂದೊಂದು ಮಚ್ಚೆ. ಕೆಳಗಿನ ಸಾಲುಗಳು ಪೂರ್ತಿ ಕಪ್ಪು, ಒಲೆಯ ಇದ್ದಿಲನ್ನು ಫೆವಿಕಾಲ್ ಜೊತೆ ಅರೆದು ಬಳಿದದ್ದು. ಚೆನ್ನಾಗಿ ಬಂದ ಹೊಲ ಬರೆಯಬಹುದಿತ್ತಲ್ಲ ಗೌಡ್ರೆ ಅಂತ ಯಾರೋ ಕೇಳಿದರು. ‘ಹಸಿರು ಹೊಲ ಎಲ್ರೂ ನೋಡವ್ರೆ, ಫೋಟೋನೂ ತೆಗೀತಾರೆ. ಕಪ್ಪಾಗೋದ ನಿಂತು ನೋಡಿರೋನು ನಾನು’ ಅಂದರು. ಪ್ರದರ್ಶನ ಮುಗಿಯುವ ಹೊತ್ತಿಗೆ ಮೇಲಿನ ಸಾಲಿನ ಸೊಪ್ಪಿನ ಹಸಿರೂ ಕಂದಿ ಕಂದುಬಣ್ಣಕ್ಕೆ ತಿರುಗಿತು. ಬಣ್ಣ ಕೆಟ್ಟಿತಲ್ಲ ಅಂತ ನಾವು ಪೇಚಾಡಿದರೆ ಗೌಡ್ರು ತೃಪ್ತಿಯಿಂದ ನೋಡಿ ‘ಈಗ ಸರಿಯಾಯ್ತು’ ಅಂದರು.

ಅದನ್ನು ಕೊಳ್ಳುತ್ತೇನೆ ಅಂತ ಒಬ್ಬರು ಕೇಳಿದರು, ಹೋಂಸ್ಟೇಯ ಗೋಡೆಗೆ. ಒಳ್ಳೆ ಬೆಲೆಯನ್ನೇ ಹೇಳಿದರು. ಗೌಡ್ರು ಕೊಡಲಿಲ್ಲ. ಅದೇ ದಿನ ಅವರ ಊರಿನ ಕಡೆಯ ಇನ್ನೊಬ್ಬ ರೈತರು ಬಂದಿದ್ದರು. ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಸಾಲನ್ನೂ ನೋಡಿದರು. ಆಮೇಲೆ ಬಗ್ಗಿ ಗೋಣಿಯನ್ನು ಮೂಸಿ, ‘ಎಲ್ಲ ಸರಿಯಾಗೈತೆ ಕಣಣ್ಣಾ, ವಾಸನೆ ಒಂದು ಬರಲಿಲ್ಲ’ ಅಂದರು. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಸಂಜೆವರೆಗೂ ಮಾತಾಡಿದರು. ಯಾವ ವರ್ಷ ಎಷ್ಟು ಹೋಯಿತು, ಯಾವ ಔಷಧಿ ಹಿಡಿಯಿತು, ಯಾರು ಹೊಲ ಮಾರಿ ಹೋದರು. ಅಷ್ಟು ಮಾತಾಡಿದ್ದನ್ನು ನಮ್ಮ ಭಾನುವಾರಗಳಲ್ಲಿ ಗೌಡ್ರಿಂದ ನಾನು ಕೇಳಿರಲಿಲ್ಲ.

ಹಾಲ್ ಖಾಲಿ ಮಾಡುವ ದಿನ ಅವರೇ ಮಾತು ತೆಗೆದರು. ಇದನ್ನು ಎಪಿಎಂಸಿ ಯಾರ್ಡಿನಲ್ಲಿ ಹಾಕಬೇಕು, ಬಿತ್ತನೆ ಆಲೂಗಡ್ಡೆ ಮಾರಾಟದ ಹೊತ್ತಿಗೆ, ಲಾರಿ ಬಂದು ನಿಲ್ಲುವ ಜಾಗದಲ್ಲಿ. ಅಲ್ಲಿ ಬರುವವರು ನೋಡಬೇಕು, ಅವರೂ ತಮ್ಮದು ತಂದು ಪಕ್ಕದಲ್ಲಿ ಹಾಕಬೇಕು. ಚೀಲ ಬೇಕಾದರೆ ನಾನೇ ಕೊಡ್ತೀನಿ ಅಂದರು. ಅನುಮತಿ ಯಾರನ್ನು ಕೇಳಬೇಕು, ಹಮಾಲಿ ಕೆಲಸಕ್ಕೆ ಅಡ್ಡ ಆಗದ ಮೂಲೆ ಯಾವುದು, ಮುಂಗಾರಿನ ಮೊದಲ ಮಳೆ ಬಂದರೆ ಏನು ಮಾಡೋಣ ಅಂತ ಆವತ್ತೇ ಹಂಚಿಕೆ ಹಾಕಿದೆವು. ಅಜ್ಜಿಗೆ ಅಲ್ಲಿನ ನೆಲ ಹೇಗಿದೆ ಅನ್ನುವುದೇ ಚಿಂತೆ. ಮಣ್ಣಾದರೆ ಸಗಣಿ ಹಾಕಿ ಸಾರಿಸಬೇಕು, ಮುಂಚೆಯೇ ಹೇಳಿ ಅಂದರು. ಟೈಲರ್ ಅಕ್ಕ ಹಗ್ಗದಿಂದ ಕ್ಲಿಪ್ಪುಗಳನ್ನು ಬಿಡಿಸಿ ಡಬ್ಬಿಗೆ ಹಾಕುತ್ತಿದ್ದವರು ತಲೆ ಎತ್ತಿ, ‘ಯಾರ್ಡಲ್ಲಿ ಗಾಳಿ ಜಾಸ್ತಿ, ಇವು ನಿಲ್ಲಲ್ಲ. ಗೋಣಿನ ಹಗ್ಗಕ್ಕೇ ಸೇರಿಸಿ ಹೊಲಿಬೇಕು, ದಬ್ಬಳ ಯಾರ ಮನೇಲಿದೆ ಹೇಳಿ’ ಅಂತ ಕೇಳಿದರು. ಗೌಡ್ರ ಮನೆಯಲ್ಲಿ ಎರಡು ಇವೆಯಂತೆ.